ಬೀಗವಿಲ್ಲದ ಉಗ್ರಾಣ

ನಮ್ಮ ನಾಡಿನ ಹಳೆಯ ತುಂಬು ಕುಟುಂಬಗಳಲ್ಲಿ ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕೆಂಬುದು ಸಣ್ಣ ಮಾತಾಗಿರಲಿಲ್ಲ. ಅದು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿರುತ್ತಿತ್ತು. ಸೊಸೆಯು ಮನೆಗೆ ಬಂದು ಎಷ್ಟೋ ವರ್ಷಗಳು ಕಳೆದ ಮೇಲೆ ಒಂದು ದಿನ ಅತ್ತೆಯು ಆ ಬೀಗದ ಕೈಗೊಂಚಲನ್ನು ಅವಳ ಕೈಗೆ ಒಪ್ಪಿಸಿದರೆ, ಅಂದಿನಿಂದ ಆಕೆ ನಿಜವಾಗಿಯೂ ಆ ಮನೆಯವಳಾದಳೆಂದು ಅರ್ಥ. ಅಲ್ಲಿ ಕೈಬದಲಾಗುತ್ತಿದ್ದುದು ಬರಿಯ ಕಬ್ಬಿಣದ ತುಂಡಲ್ಲ, ನಂಬಿಕೆ.

ಒಂದು ಮನೆಯ ಮಾತು ಹೀಗಾದರೆ, ನೂರಾರು, ಸಾವಿರಾರು ಜನರು ಒಟ್ಟಿಗೆ ಸೇರಿ ದುಡಿಯುವ ಒಂದು ಕಾರ್ಖಾನೆಯ ಮಾತೇನು? ಅಲ್ಲಿಯೂ ಉಗ್ರಾಣವಿರುತ್ತದೆ. ಅದರಲ್ಲಿ ಬೆಲೆಬಾಳುವ ಉಪಕರಣಗಳೂ ಬಿಡಿಭಾಗಗಳೂ ಇರುತ್ತವೆ. ಅದಕ್ಕೆ ಬೀಗ ಹಾಕಬೇಕೇ, ಬೇಡವೇ? ಹಾಕದಿದ್ದರೆ ಕಳವಾಗುವ ಭಯ. ಹಾಕಿದರೆ, ದುಡಿಯುವವರನ್ನು ಕಳ್ಳರೆಂದು ಮೊದಲೇ ಎಣಿಸಿದಂತೆ. ಈ ಚಿಕ್ಕ ಪ್ರಶ್ನೆಗೆ ಒಂದು ಸಂಸ್ಥೆಯು ಯಾವ ಉತ್ತರ ಕೊಡುತ್ತದೆಯೋ ಅದರಿಂದಲೇ ಆ ಸಂಸ್ಥೆಯ ಸ್ವಭಾವವನ್ನು ತಿಳಿಯಬಹುದು. ಯಂತ್ರಗಳನ್ನು ಹಣ ಕೊಟ್ಟು ಕೊಳ್ಳಬಹುದು, ಕಟ್ಟಡಗಳನ್ನು ಕಟ್ಟಿಸಬಹುದು. ಆದರೆ ಅಲ್ಲಿ ದುಡಿಯುವ ಜನರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ, ಮೇಲಿನವರು ಕೆಳಗಿನವರೊಡನೆ ಹೇಗೆ ನಡೆದುಕೊಳ್ಳುತ್ತಾರೆ, ತಪ್ಪಾದಾಗ ಏನು ಮಾಡುತ್ತಾರೆ, ಕಷ್ಟ ಬಂದಾಗ ಅದನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ಹಣದಿಂದ ಕೊಳ್ಳುವಂಥದಲ್ಲ. ಇದನ್ನೇ ಕಾರ್ಯಸಂಸ್ಕೃತಿ ಎನ್ನುತ್ತಾರೆ. ಅಮೆರಿಕದ ಒಂದು ಪ್ರಸಿದ್ಧ ತಾಂತ್ರಿಕ ಸಂಸ್ಥೆಯಲ್ಲಿ ಈ ಸಂಸ್ಕೃತಿಯು ಹೇಗೆ ಬೆಳೆಯಿತು, ಮುಂದೆ ಅದಕ್ಕೆ ಎಂತಹ ಪರೀಕ್ಷೆ ಎದುರಾಯಿತು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ವಿಲಿಯಂ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬುವರು ಕ್ಯಾಲಿಫೋರ್ನಿಯ ರಾಜ್ಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೂಡಿ ಓದಿದ ಗೆಳೆಯರು. ಪ್ಯಾಕರ್ಡ್ ಹುಟ್ಟಿದ್ದು 1912ರಲ್ಲಿ, ಹ್ಯೂಲೆಟ್ 1913ರಲ್ಲಿ. ಅವರಿಗೆ ಫ್ರೆಡೆರಿಕ್ ಟರ್ಮನ್ ಎಂಬ ಪ್ರಾಧ್ಯಾಪಕರು ಗುರುಗಳಾಗಿ ದೊರೆತರು. ಓದು ಮುಗಿಸಿದ ಶಿಷ್ಯರು ದೂರದ ಊರುಗಳ ದೊಡ್ಡ ಕಂಪನಿಗಳಲ್ಲಿ ಕೆಲಸ ಹುಡುಕಿಕೊಂಡು ಹೋಗುವುದಕ್ಕಿಂತ ಇದ್ದ ಊರಿನಲ್ಲಿಯೇ ತಮ್ಮದೇ ಉದ್ಯಮವನ್ನು ಸ್ಥಾಪಿಸಬೇಕೆಂಬುದು ಆ ಗುರುಗಳ ಹಂಬಲವಾಗಿತ್ತು. ಅವರ ಪ್ರೋತ್ಸಾಹದಿಂದ ಗೆಳೆಯರಿಬ್ಬರೂ 1939ರ ಜನವರಿ 1ರಂದು ಪಾಲುದಾರರಾಗಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಅವರ ಬಂಡವಾಳ ಕೇವಲ 538 ಡಾಲರುಗಳು. ಅವರ ಕಾರ್ಖಾನೆಯೆಂದರೆ ಪಾಲೊ ಆಲ್ಟೊ ಪಟ್ಟಣದ ಒಂದು ಬಾಡಿಗೆ ಮನೆಯ ಹಿಂದಿದ್ದ ಕಾರು ನಿಲ್ಲಿಸುವ ಕೊಟ್ಟಿಗೆ. ಸಂಸ್ಥೆಗೆ ಯಾರ ಹೆಸರು ಮೊದಲು ಬರಬೇಕೆಂಬುದನ್ನು ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದರಂತೆ. ಹೀಗೆ ಅದು ಹ್ಯೂಲೆಟ್-ಪ್ಯಾಕರ್ಡ್ ಆಯಿತು. ಜನರ ಬಾಯಲ್ಲಿ ಎಚ್‌ಪಿ ಎಂದಾಯಿತು.

ಅವರು ಮೊದಲು ತಯಾರಿಸಿದ ವಸ್ತು ಧ್ವನಿಯ ಕಂಪನಗಳನ್ನು ಉಂಟುಮಾಡಿ ಪರೀಕ್ಷಿಸಲು ಬೇಕಾಗುವ ಒಂದು ಎಲೆಕ್ಟ್ರಾನಿಕ್ ಉಪಕರಣ. ಅದರ ಕಂಪನಗಳ ಪ್ರಮಾಣವು ಏರುಪೇರಾಗದಂತೆ ತಡೆಯಲು ಹ್ಯೂಲೆಟ್ ಅದರಲ್ಲಿ ಒಂದು ಸಾಧಾರಣ ವಿದ್ಯುದ್ದೀಪದ ಬುರುಡೆಯನ್ನು ಬಳಸಿದ್ದರು. ಈ ಸರಳವಾದ ಉಪಾಯದಿಂದ ಉಪಕರಣದ ಬೆಲೆಯೂ ಇಳಿಯಿತು, ಗುಣವೂ ಹೆಚ್ಚಿತು. ಉಪಕರಣದ ಮುಂಭಾಗದ ತಗಡಿಗೆ ಬಣ್ಣ ಬಳಿದು ಅದನ್ನು ಒಣಗಿಸಿ ಗಟ್ಟಿಗೊಳಿಸಲು ಬೇರೆ ಸಾಧನವಿಲ್ಲದೆ ಪ್ಯಾಕರ್ಡ್ ಅವರ ಪತ್ನಿ ಲೂಸಿಲ್ ಅವರ ಅಡಿಗೆಮನೆಯ ಒಲೆಯನ್ನೇ ಉಪಯೋಗಿಸುತ್ತಿದ್ದರು. ಮೊದಮೊದಲು ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದವರೂ ಆಕೆಯೇ. ವಾಲ್ಟ್ ಡಿಸ್ನಿಯವರ ಚಿತ್ರಸಂಸ್ಥೆಯು 'ಫ್ಯಾಂಟೇಸಿಯ' ಎಂಬ ಚಿತ್ರದ ಧ್ವನಿ ವ್ಯವಸ್ಥೆಗಾಗಿ ಇಂತಹ 8 ಉಪಕರಣಗಳನ್ನು ಕೊಂಡಾಗ ಸಂಸ್ಥೆಗೆ ಹೊಸ ಧೈರ್ಯ ಬಂದಿತು. ಆ ಕೊಟ್ಟಿಗೆಯನ್ನು 'ಸಿಲಿಕಾನ್ ಕಣಿವೆಯ ಜನ್ಮಸ್ಥಳ' ಎಂದು ಮುಂದೆ ಕ್ಯಾಲಿಫೋರ್ನಿಯ ರಾಜ್ಯವು ಐತಿಹಾಸಿಕ ಸ್ಮಾರಕವಾಗಿ ಗುರುತಿಸಿತು.

ಸ್ವಂತ ಉದ್ಯಮಕ್ಕೆ ಕೈಹಾಕುವ ಮುನ್ನ ಪ್ಯಾಕರ್ಡ್ ಸ್ಕೆನೆಕ್ಟಡಿ ಎಂಬ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡಿದ್ದರು. ಅಲ್ಲಿ ನೌಕರರಾಗಿ ತಾವು ಕಂಡ ಎರಡು ಸಂಗತಿಗಳನ್ನು ಅವರು ಜೀವನದುದ್ದಕ್ಕೂ ಮರೆಯಲಿಲ್ಲ. ಅಲ್ಲಿ ಉಪಕರಣಗಳಿಗೂ ಬಿಡಿಭಾಗಗಳಿಗೂ ಬಲವಾದ ಕಾವಲಿತ್ತು. ನೌಕರರು ಏನನ್ನೂ ಮನೆಗೆ ಒಯ್ಯಬಾರದೆಂಬುದು ಅದರ ಉದ್ದೇಶ. ಆದರೆ ಆದದ್ದೇ ಬೇರೆ. ತಮ್ಮನ್ನು ನಂಬುವುದಿಲ್ಲವೆಂಬುದನ್ನು ಕಂಡ ನೌಕರರಲ್ಲಿ ಅನೇಕರು, ಆ ಸಂಶಯವನ್ನು ನಿಜವಾಗಿಸಲೆಂದೇ ಹೊರಟವರಂತೆ, ಸಾಧ್ಯವಾದಾಗಲೆಲ್ಲ ಸಾಮಾನುಗಳನ್ನು ಸಾಗಿಸತೊಡಗಿದರು. ಕಾವಲು ಹೆಚ್ಚಿದಷ್ಟೂ ಕಳವೂ ಹೆಚ್ಚಿತು. ಇದು ಮೊದಲನೆಯ ಪಾಠ.

ಎರಡನೆಯದು ಇನ್ನೊಂದು ಬಗೆಯದು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ವಿದ್ಯುತ್ ನಳಿಕೆಗಳು ಕೊನೆಯ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಕೆಟ್ಟುಹೋಗುತ್ತಿದ್ದವು. ಎಂಜಿನಿಯರುಗಳು ಬರೆದು ಕಳುಹಿಸಿದ ಸೂಚನೆಗಳೇನೋ ಇದ್ದವು. ಆದರೂ ಫಲವಿರಲಿಲ್ಲ. ಪ್ಯಾಕರ್ಡ್ ತಮ್ಮ ಮೇಜನ್ನು ಬಿಟ್ಟು ಕಾರ್ಖಾನೆಯೊಳಕ್ಕೆ ನಡೆದರು. ಕೆಲಸಗಾರರ ಪಕ್ಕದಲ್ಲಿಯೇ ನಿಂತು, ಪ್ರತಿಯೊಂದು ಹಂತದಲ್ಲಿಯೂ ಅವರೊಡನೆ ಕೂಡಿ ದುಡಿದರು. ಆಗ ತಿಳಿಯಿತು: ಬರೆಹದ ಸೂಚನೆಗಳು ಸಾಲುತ್ತಿರಲಿಲ್ಲ. ಕೆಲಸಗಾರರು ಅಸಡ್ಡೆ ಮಾಡುತ್ತಿರಲಿಲ್ಲ; ಅವರಿಗೆ ಬೇಕಾದ ತಿಳಿವಳಿಕೆ ದೊರೆತಿರಲಿಲ್ಲ, ಅಷ್ಟೆ. ಆ ಬಾರಿ ತಯಾರಾದ ನಳಿಕೆಗಳೆಲ್ಲವೂ ಪರೀಕ್ಷೆಯಲ್ಲಿ ಗೆದ್ದವು. ಮೇಲಧಿಕಾರಿಯಾದವನು ಕಾಗದದ ಮೂಲಕ ಆಳುವುದಕ್ಕಿಂತ ಕಾಲ್ನಡಿಗೆಯಲ್ಲಿ ಹೋಗಿ ನೋಡುವುದು ಮೇಲೆಂಬುದನ್ನು ಪ್ಯಾಕರ್ಡ್ ಹೀಗೆ ಕಂಡುಕೊಂಡರು.

ಈ ಎರಡು ಪಾಠಗಳೂ ಅವರ ಸ್ವಂತ ಸಂಸ್ಥೆಯ ಅಡಿಗಲ್ಲುಗಳಾದವು. ಎಚ್‌ಪಿಯಲ್ಲಿ ಬಿಡಿಭಾಗಗಳ ಉಗ್ರಾಣವನ್ನು ತೆರೆದೇ ಇಡಬೇಕೆಂದು ಗೊತ್ತುಮಾಡಿದರು. ಅಲ್ಲಿನ ಎಂಜಿನಿಯರೊಬ್ಬನಿಗೆ ರಾತ್ರಿಯಲ್ಲೋ ರಜೆಯ ದಿನದಲ್ಲೋ ಹೊಸದೊಂದು ಯೋಚನೆ ಹೊಳೆದರೆ ಆತನು ಬಂದು ಬೇಕಾದ ವಸ್ತುವನ್ನು ತೆಗೆದುಕೊಂಡು ಪ್ರಯೋಗ ಮಾಡಬಹುದಾಗಿತ್ತು. ಒಂದು ವಾರದ ಕೊನೆಯ ರಜೆಯಲ್ಲಿ ಹ್ಯೂಲೆಟ್ ತಾವೇ ಕಾರ್ಖಾನೆಗೆ ಬಂದರು. ಅವರಿಗೆ ಯಾವುದೋ ಉಪಕರಣ ಬೇಕಾಗಿತ್ತು. ನೋಡಿದರೆ ಉಗ್ರಾಣಕ್ಕೆ ಬೀಗ! ಹ್ಯೂಲೆಟ್ ಬೀಗದ ಕೈಗಾಗಿ ಯಾರಿಗೂ ಹೇಳಿ ಕಳುಹಿಸಲಿಲ್ಲ. ಬೀಗವನ್ನು ಒಡೆದರು, ಇನ್ನು ಮುಂದೆ ಈ ಬಾಗಿಲಿಗೆ ಬೀಗ ಹಾಕಕೂಡದೆಂದು ಚೀಟಿ ಬರೆದಿಟ್ಟು ಹೋದರು. ತಮ್ಮದೇ ಉಗ್ರಾಣದ ಬೀಗವನ್ನು ತಾವೇ ಒಡೆದ ಯಜಮಾನರ ಕಥೆಯನ್ನು ಆ ಸಂಸ್ಥೆಯ ನೌಕರರು ಹೊಸಬರಿಗೆ ಹೇಳುತ್ತಲೇ ಬಂದರು. ನೂರು ನಿಯಮಗಳ ಕೈಪಿಡಿಯು ಕಲಿಸಲಾರದ್ದನ್ನು ಒಡೆದ ಒಂದು ಬೀಗ ಕಲಿಸಿತು.

ಅಲ್ಲಿ ದುಡಿದವರ ಅನುಭವಗಳಲ್ಲಿ ಇಂತಹ ಸಂಗತಿಗಳು ಅನೇಕ. ಅಧಿಕಾರಿಗಳು ತಮ್ಮ ಕೋಣೆಯಲ್ಲಿ ಕುಳಿತು ಅಪ್ಪಣೆ ಕೊಡುವ ಬದಲು ದಿನವೂ ಕೆಲಸ ನಡೆಯುವೆಡೆಯಲ್ಲಿ ಅಡ್ಡಾಡಬೇಕು. ಯಾವ ನೌಕರನಾದರೂ ಯಾವ ಅಧಿಕಾರಿಯ ಬಳಿಗಾದರೂ ಹೋಗಿ ತನ್ನ ಕಷ್ಟವನ್ನು ಹೇಳಿಕೊಳ್ಳಬಹುದು. ಹೀಗೆ ಹೇಳಿಕೊಂಡದ್ದಕ್ಕಾಗಿ ಅವನಿಗೆ ಕೇಡಾಗಬಾರದು. ಇದಕ್ಕೆ 'ತೆರೆದ ಬಾಗಿಲಿನ ನೀತಿ' ಎಂದು ಹೆಸರಾಯಿತು. ಸಂಸ್ಥಾಪಕರನ್ನು ಎಲ್ಲರೂ 'ಬಿಲ್', 'ಡೇವ್' ಎಂದು ಮೊದಲ ಹೆಸರಿನಿಂದಲೇ ಕರೆಯುತ್ತಿದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮ ಪದ್ಧತಿಯಲ್ಲ. ಆದರೆ ಅವರ ನಾಡಿನಲ್ಲಿ ಅದು ಅಗೌರವವಲ್ಲ, ಸಲಿಗೆಯ ಗುರುತು.

ಒಮ್ಮೆ ಪ್ಯಾಕರ್ಡ್ ಯಂತ್ರಾಗಾರದಲ್ಲಿ ಮೇಲ್ವಿಚಾರಕನೊಡನೆ ಅಡ್ಡಾಡುತ್ತಿದ್ದರು. ಒಬ್ಬ ಕೆಲಸಗಾರನು ಬಹಳ ಹೊತ್ತಿನಿಂದ ಒಂದು ಅಚ್ಚನ್ನು ಉಜ್ಜಿ ನಯಗೊಳಿಸುತ್ತಿದ್ದನು. ಪ್ಯಾಕರ್ಡ್ ಯೋಚಿಸದೆ ಅದರ ಮೇಲೆ ಬೆರಳಾಡಿಸಿದರು. ಕೂಡಲೇ ಕೆಲಸಗಾರನು, ನನ್ನ ಅಚ್ಚಿನ ಮೇಲಿಂದ ಬೆರಳು ತೆಗೆಯಿರಿ ಎಂದು ಗದರಿದನು. ಮೇಲ್ವಿಚಾರಕನಿಗೆ ಗಾಬರಿಯಾಯಿತು. ಇವರು ಯಾರೆಂದು ನಿನಗೆ ಗೊತ್ತೇ ಎಂದು ಅವನು ಕೇಳಿದಾಗ, ಯಾರಾದರೆ ನನಗೇನು ಎಂಬ ಉತ್ತರ ಬಂದಿತು. ಪ್ಯಾಕರ್ಡ್ ಸಿಟ್ಟಾಗಲಿಲ್ಲ. ನೀನು ಹೇಳಿದ್ದೇ ಸರಿ ಎಂದು ಅವನಿಗೆ ಹೇಳಿದರು. ತನ್ನ ಕೆಲಸದ ವಿಷಯದಲ್ಲಿ ಅಷ್ಟೊಂದು ಅಭಿಮಾನವುಳ್ಳವನು ಸಂಸ್ಥೆಯ ಆಸ್ತಿಯೆಂಬುದನ್ನು ಅವರು ಅರಿತಿದ್ದರು. ನಮ್ಮ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ್ದನ್ನು ಇಲ್ಲಿ ನೆನೆಯಬಹುದು. ಶ್ರದ್ಧೆಯಿಂದ ಮಾಡಿದ ಕೆಲಸವು ಕೆಲಸಗಾರನಿಗೆ ಯಜಮಾನನ ಮುಂದೆಯೂ ತಲೆಯೆತ್ತಿ ನಿಲ್ಲುವ ಧೈರ್ಯವನ್ನು ಕೊಡುತ್ತದೆ.

ಎದುರಾಡುವ ಸ್ವಾತಂತ್ರ್ಯವು ಕೆಲವೊಮ್ಮೆ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ಚಕ್ ಹೌಸ್ ಎಂಬ ಎಂಜಿನಿಯರು ಕೊಲೊರಾಡೊ ರಾಜ್ಯದಲ್ಲಿದ್ದ ಎಚ್‌ಪಿ ಪ್ರಯೋಗಾಲಯದಲ್ಲಿ ಹೊಸ ಬಗೆಯ ದೊಡ್ಡ ಪ್ರದರ್ಶನ ಪರದೆಯೊಂದನ್ನು ರೂಪಿಸುತ್ತಿದ್ದರು. ಅದು ಮಾರಾಟವಾಗಲಾರದೆಂದು ಹಿರಿಯರ ಅಭಿಪ್ರಾಯ. ಮುಂದಿನ ವರ್ಷ ನಾನು ಬಂದಾಗ ಇದು ಪ್ರಯೋಗಾಲಯದಲ್ಲಿ ಕಾಣಬಾರದು ಎಂದು ಪ್ಯಾಕರ್ಡ್ ಹೇಳಿಹೋದರು. ಹೌಸ್ ಕೆಲಸವನ್ನು ನಿಲ್ಲಿಸಲಿಲ್ಲ. ಮರುವರ್ಷ ಪ್ಯಾಕರ್ಡ್ ಬರುವಷ್ಟರಲ್ಲಿ ಅದು ಪ್ರಯೋಗಾಲಯದಲ್ಲಿರಲಿಲ್ಲ, ನಿಜ. ಏಕೆಂದರೆ ಅದು ಆಗಲೇ ಉತ್ಪಾದನೆಯ ಹಂತವನ್ನು ಸೇರಿತ್ತು! ಆ ಪರದೆಗಳು ಸಾವಿರಗಟ್ಟಲೆಯಾಗಿ ಮಾರಾಟವಾದವು. ಕೆಲವು ವರ್ಷಗಳ ಅನಂತರ ತುಂಬಿದ ಸಭೆಯಲ್ಲಿ ಪ್ಯಾಕರ್ಡ್ ತಮ್ಮ ಮಾತನ್ನು ಮೀರಿದ ಆ ಎಂಜಿನಿಯರಿಗೆ 'ಅವಿಧೇಯತೆಯ ಪದಕ'ವನ್ನು ಕೊಟ್ಟು ಗೌರವಿಸಿದರು. ಇದು ಶಿಸ್ತನ್ನು ಮುರಿಯಲು ಕೊಟ್ಟ ಪರವಾನಗಿಯಲ್ಲ. ಮೇಲಧಿಕಾರಿಯ ತೀರ್ಮಾನವೂ ತಪ್ಪಾಗಬಹುದು. ತಪ್ಪಾದಾಗ ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದರಿಂದ ಹಿರಿತನಕ್ಕೆ ಕುಂದಿಲ್ಲವೆಂದು ತೋರಿಸಿದ ಬಗೆ ಅದು.

ಮುಂದೆ ಹ್ಯೂಲೆಟ್ ಕೂಡ ಇಂತಹುದೇ ಧೈರ್ಯವನ್ನು ತೋರಿದರು. ಅಂಗಿಯ ಜೇಬಿನಲ್ಲಿ ಹಿಡಿಯುವಂತಹ, ಎಂಜಿನಿಯರಿಗೆ ಬೇಕಾದ ಲೆಕ್ಕಗಳನ್ನೆಲ್ಲ ಮಾಡುವ ಒಂದು ಯಂತ್ರ ಆಗಬೇಕೆಂದು ಅವರು ತಮ್ಮ ಜನರನ್ನು ಕೇಳಿದರು. ಇಷ್ಟು ದುಬಾರಿ ವಸ್ತುವನ್ನು ಕೊಳ್ಳುವವರಿಲ್ಲವೆಂದು ಮಾರುಕಟ್ಟೆಯ ಸಮೀಕ್ಷೆ ಹೇಳಿತು. ಆದರೂ 1972ರಲ್ಲಿ ಆ ಗಣಕವನ್ನು 395 ಡಾಲರು ಬೆಲೆಗೆ ಮಾರಾಟಕ್ಕೆ ಬಿಟ್ಟರು. ಅದರಲ್ಲಿ 35 ಗುಂಡಿಗಳಿದ್ದುದರಿಂದ ಅದಕ್ಕೆ ಎಚ್‌ಪಿ-35 ಎಂದು ಹೆಸರಾಯಿತು. ಮೊದಲ ವರ್ಷದಲ್ಲಿಯೇ ಸುಮಾರು 1,00,000 ಗಣಕಗಳು ಮಾರಾಟವಾದವು. ಅದುವರೆಗೆ ಎಂಜಿನಿಯರುಗಳ ಕೈಯನ್ನು ಅಲಂಕರಿಸಿದ್ದ ಲೆಕ್ಕದ ಜಾರುಪಟ್ಟಿಯು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಮುಂದೆ ಆಪಲ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೊಜ್ನಿಯಾಕ್ ಅವರೂ ಇದೇ ಗಣಕ ವಿಭಾಗದಲ್ಲಿ ಎಂಜಿನಿಯರಾಗಿದ್ದವರು. ತಾವು ರೂಪಿಸಿದ ಚಿಕ್ಕ ಕಂಪ್ಯೂಟರನ್ನು ಅವರು ಮೊದಲು ತಮ್ಮ ಸಂಸ್ಥೆಗೇ ತೋರಿಸಿದರು. ಸಂಸ್ಥೆಯು ಅದನ್ನು ಬೇಡವೆಂದಿತು. ಜಾಣರೂ ಎಲ್ಲ ಸಲವೂ ಸರಿಯಾಗಿ ಎಣಿಸುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೂ ಎಂಜಿನಿಯರಿಗೆ ಅಲ್ಲಿದ್ದ ಗೌರವವನ್ನೂ ಬೆಳಗ್ಗೆ ಮತ್ತು ಮಧ್ಯಾಹ್ನ ಎಲ್ಲರೂ ಕಾಫಿಗಾಗಿ ಒಂದೆಡೆ ಸೇರಿ ಮಾತಾಡುತ್ತಿದ್ದ ವೇಳೆಗಳನ್ನೂ ವೊಜ್ನಿಯಾಕ್ ಮುಂದೆಯೂ ಪ್ರೀತಿಯಿಂದ ನೆನೆದಿದ್ದಾರೆ.

ಸಂಸ್ಥೆಯ ಕಾಳಜಿಯು ಕಾರ್ಖಾನೆಯ ಬಾಗಿಲಿಗೇ ನಿಲ್ಲಲಿಲ್ಲ. 1940ರ ದಶಕದಲ್ಲಿ ಒಬ್ಬ ನೌಕರನಿಗೆ ಕ್ಷಯರೋಗ ತಗುಲಿ ಆತನು ಬಹುಕಾಲ ಕೆಲಸದಿಂದ ದೂರವಿರಬೇಕಾಯಿತು. ಆ ಕುಟುಂಬವು ಪಟ್ಟ ಪಾಡನ್ನು ಕಂಡ ಸಂಸ್ಥಾಪಕರು ಇಂತಹ ದೊಡ್ಡ ಕಾಯಿಲೆಗಳ ಕಾಲಕ್ಕೆ ನೌಕರರ ನೆರವಿಗೆ ಬರುವ ವಿಮೆಯನ್ನು ಏರ್ಪಡಿಸಿದರು. ಅಂದಿನ ಅಮೆರಿಕದಲ್ಲಿ ಇದು ಅಪರೂಪದ ಸಂಗತಿಯಾಗಿತ್ತು. ಲಾಭದಲ್ಲಿ ಒಂದು ಪಾಲನ್ನು ನೌಕರರಿಗೆಲ್ಲ ಹಂಚುವ ಪದ್ಧತಿಯೂ ಬಂದಿತು. 1957ರಲ್ಲಿ ಸಂಸ್ಥೆಯ ಧ್ಯೇಯಗಳನ್ನು ಬರೆಹಕ್ಕೆ ಇಳಿಸಿದರು. 1967ರಲ್ಲಿ ಜರ್ಮನಿಯ ಬೋಬ್ಲಿಂಗೆನ್ ಎಂಬಲ್ಲಿದ್ದ ಎಚ್‌ಪಿ ಕಾರ್ಖಾನೆಯಲ್ಲಿ, ನೌಕರರು ಕೆಲಸಕ್ಕೆ ಬರುವ ಮತ್ತು ಹೊರಡುವ ವೇಳೆಯನ್ನು ಒಂದು ಮಿತಿಯೊಳಗೆ ತಾವೇ ಆರಿಸಿಕೊಳ್ಳುವ ಪದ್ಧತಿ ಆರಂಭವಾಯಿತು. ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ಕಾರ್ಖಾನೆಗಳ ಕಾಲದಲ್ಲಿ ಇದೂ ನಂಬಿಕೆಯ ಮಾತೇ ಆಗಿತ್ತು.

ಆದರೆ ಸುಭಿಕ್ಷದ ಕಾಲದಲ್ಲಿ ಉದಾರವಾಗಿರುವುದು ಸುಲಭ. ಬರಗಾಲ ಬಂದಾಗಲೇ ಮನೆಯ ಯಜಮಾನನ ಗುಣ ತಿಳಿಯುವುದು. 1970ರಲ್ಲಿ ಅಮೆರಿಕದ ಆರ್ಥಿಕ ಸ್ಥಿತಿ ಕುಸಿಯಿತು. ಎಚ್‌ಪಿಗೆ ಬರುತ್ತಿದ್ದ ಬೇಡಿಕೆಗಳು ಅದರ ಉತ್ಪಾದನಾ ಸಾಮರ್ಥ್ಯಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಮೆಯಾದವು. ಬೇರೆ ಕಂಪನಿಗಳ ದಾರಿ ಸರಳವಾಗಿತ್ತು: ನೂರರಲ್ಲಿ ಹತ್ತು ಜನರನ್ನು ಕೆಲಸದಿಂದ ತೆಗೆಯುವುದು. ಆಗ ಪ್ಯಾಕರ್ಡ್ ಅಮೆರಿಕದ ರಕ್ಷಣಾ ಇಲಾಖೆಯ ಉಪಕಾರ್ಯದರ್ಶಿಯಾಗಿ ವಾಷಿಂಗ್ಟನ್ನಿನಲ್ಲಿದ್ದರು. ಸಂಸ್ಥೆಯ ಹೊಣೆ ಹ್ಯೂಲೆಟ್ ಅವರದಾಗಿತ್ತು. ಅವರು ಬೇರೊಂದು ದಾರಿಯನ್ನು ಹಿಡಿದರು. ಎರಡು ವಾರಗಳಲ್ಲಿ ಕೆಲಸದ ದಿನಗಳು ಹತ್ತು. ಎಲ್ಲರೂ ಒಂಬತ್ತು ದಿನ ಮಾತ್ರ ಕೆಲಸ ಮಾಡುವುದು; ಒಂದು ಶುಕ್ರವಾರ ಬಿಟ್ಟು ಮತ್ತೊಂದು ಶುಕ್ರವಾರ ಸಂಬಳವಿಲ್ಲದ ರಜೆ. ಈ ನಿಯಮವು ಕೆಳಗಿನ ನೌಕರನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರಿಗೂ ಒಂದೇ ಆಗಿತ್ತು. ಸುಮಾರು ಆರು ತಿಂಗಳು ಹೀಗೆ ನಡೆಯಿತು. ಬೇಡಿಕೆಗಳು ಮತ್ತೆ ಹೆಚ್ಚಿದಾಗ ಎಲ್ಲರೂ ಪೂರ್ಣ ಕೆಲಸಕ್ಕೂ ಪೂರ್ಣ ಸಂಬಳಕ್ಕೂ ಮರಳಿದರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನೂರು ಜನರಲ್ಲಿ ಹತ್ತು ಜನರನ್ನು ತೆಗೆದರೆ ಸಂಸ್ಥೆಗೆ ಉಳಿಯುವ ಹಣವೂ ನೂರು ಜನರ ಸಂಬಳದಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆದರೆ ಉಳಿಯುವ ಹಣವೂ ಹೆಚ್ಚು ಕಡಮೆ ಒಂದೇ. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಆದರೆ ಮೊದಲನೆಯದರಲ್ಲಿ ಹತ್ತು ಮನೆಗಳ ಒಲೆ ಆರುತ್ತದೆ. ಉಳಿದ ತೊಂಬತ್ತು ಮನೆಗಳಲ್ಲಿ ನಾಳೆ ನಮ್ಮ ಸರದಿಯೇನೋ ಎಂಬ ಭಯ ಹೊಕ್ಕುತ್ತದೆ. ಎರಡನೆಯದರಲ್ಲಿ ನೂರು ಮನೆಗಳಲ್ಲಿಯೂ ತುಸು ಬಿಗಿ ಹಿಡಿಯಬೇಕಾಗುತ್ತದೆ. ಆದರೆ ಯಾವ ಮನೆಯ ಒಲೆಯೂ ಆರುವುದಿಲ್ಲ. ಅಂಕಿಗಳು ಒಂದೇ ಆದರೂ ಬಾಳು ಒಂದೇ ಅಲ್ಲ. ಆಡಳಿತವೆಂಬುದು ಬರಿಯ ಅಂಕಗಣಿತವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಕಾಲ ಉರುಳಿತು. ಸಂಸ್ಥೆಯು ಹಲವು ದೇಶಗಳಿಗೆ ಹಬ್ಬಿತು. ಪ್ಯಾಕರ್ಡ್ ತಮ್ಮ ಅನುಭವಗಳನ್ನು 1995ರಲ್ಲಿ 'ದಿ ಎಚ್‌ಪಿ ವೇ' ಎಂಬ ಪುಸ್ತಕದಲ್ಲಿ ಬರೆದು, 1996ರಲ್ಲಿ ತೀರಿಕೊಂಡರು. ಹ್ಯೂಲೆಟ್ 2001ರ ಜನವರಿಯಲ್ಲಿ ನಿಧನರಾದರು. ಈ ನಡುವೆ, 1999ರಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ಸಂಸ್ಥೆಯ ಮೂಲ ಕಸುಬಾಗಿದ್ದ ಅಳತೆಯ ಉಪಕರಣಗಳ ವಿಭಾಗವು ಅಜಿಲೆಂಟ್ ಎಂಬ ಹೆಸರಿನಿಂದ ಬೇರೆಯಾಯಿತು. ಕಂಪ್ಯೂಟರು ಮತ್ತು ಮುದ್ರಕ ಯಂತ್ರಗಳ ವಿಭಾಗ ಎಚ್‌ಪಿ ಎಂಬ ಹೆಸರನ್ನು ಉಳಿಸಿಕೊಂಡಿತು. ಅದರ ಮುಖ್ಯಾಧಿಕಾರಿಯಾಗಿ ಮೊಟ್ಟಮೊದಲ ಬಾರಿಗೆ ಹೊರಗಿನವರೊಬ್ಬರು, ಕಾರ್ಲಿ ಫಿಯೊರಿನ ಅವರು, ಬಂದರು. ಹಳೆಯ ಮನೆ ಎರಡು ಪಾಲಾದಂತಾಯಿತು.

2001ರಲ್ಲಿ ಮತ್ತೆ ಕೆಟ್ಟ ಕಾಲ ಬಂದಿತು. ತಾಂತ್ರಿಕ ಉದ್ಯಮಗಳೆಲ್ಲ ತತ್ತರಿಸಿದವು. ಎಚ್‌ಪಿಯ ಆಡಳಿತವು ತನ್ನ ನೌಕರರನ್ನು ಸ್ವಇಚ್ಛೆಯಿಂದ ಸಂಬಳ ಕಡಮೆ ಮಾಡಿಕೊಳ್ಳುವಂತೆ, ಇಲ್ಲವೇ ತಮಗೆ ಬರಬೇಕಾದ ರಜೆಯನ್ನು ಬಿಟ್ಟುಕೊಡುವಂತೆ ಕೇಳಿತು. 80,000ಕ್ಕೂ ಹೆಚ್ಚು ಜನರು ಒಪ್ಪಿದರು. 1970ರ ಶುಕ್ರವಾರಗಳ ಕಥೆಯನ್ನು ಕೇಳಿ ಬೆಳೆದಿದ್ದವರಿಗೆ ಇದು ಸಹಜವಾಗಿಯೇ ತೋರಿರಬೇಕು. ಆದರೆ ಕೆಲವೇ ವಾರಗಳಲ್ಲಿ, ಜುಲೈ ತಿಂಗಳಿನಲ್ಲಿ, ಸಂಸ್ಥೆಯು 6,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಸಂಬಳವನ್ನು ಬಿಟ್ಟುಕೊಟ್ಟವರಿಗೆ ಇದು ದೊಡ್ಡ ಆಘಾತವಾಯಿತು. ತ್ಯಾಗ ಮಾಡಿದರೆ ಎಲ್ಲರೂ ಉಳಿಯುತ್ತೇವೆಂದು ಅವರು ನಂಬಿದ್ದರು. ಅಂತಹ ವಚನವನ್ನು ಯಾರೂ ಬರೆದುಕೊಟ್ಟಿರಲಿಲ್ಲ, ನಿಜ. ಆದರೆ ನಂಬಿಕೆಯ ಸಂಬಂಧಗಳಲ್ಲಿ ಬರೆದ ವಚನಕ್ಕಿಂತ ಬರೆಯದ ವಚನವೇ ಹೆಚ್ಚು ತೂಕದ್ದು.

ಅದೇ ವರ್ಷ ಅಜಿಲೆಂಟ್ ಸಂಸ್ಥೆಗೂ ಅದೇ ಕಷ್ಟ ಬಂದಿತು. ಅದರ ಮುಖ್ಯಾಧಿಕಾರಿ ನೆಡ್ ಬಾರ್ನ್‌ಹೋಲ್ಟ್ ಎಚ್‌ಪಿಯಲ್ಲಿಯೇ ಬೆಳೆದು ಬಂದವರು. ಅವರು ಮೊದಲು ಖರ್ಚುಗಳನ್ನು ತಗ್ಗಿಸಿದರು; ಸಾಲದಾದಾಗ ಎಲ್ಲರ ಸಂಬಳದಲ್ಲಿ ನೂರಕ್ಕೆ ಹತ್ತರಷ್ಟನ್ನು ಕಡಮೆ ಮಾಡಿದರು. ಅದೂ ಸಾಲದೆ ಕೊನೆಗೆ ಸುಮಾರು 8,000 ಜನರನ್ನು ಎರಡು ಹಂತಗಳಲ್ಲಿ ಬಿಡಬೇಕಾಯಿತು. ಆಗ ಅವರು ಆ ಕೆಟ್ಟ ಸುದ್ದಿಯನ್ನು ಧ್ವನಿವರ್ಧಕದ ಮೂಲಕ ತಾವೇ ನೌಕರರಿಗೆ ತಿಳಿಸಿದರು. ತಮಗೆ ಆದ ಸಂಕಟವನ್ನು ಮರೆಮಾಚಲಿಲ್ಲ. ಪ್ರತಿಯೊಬ್ಬ ನೌಕರನಿಗೂ ಅವನ ಮೇಲಧಿಕಾರಿಯೇ ಎದುರು ಕುಳಿತು ವಿಷಯವನ್ನು ಹೇಳಬೇಕೆಂದು ಗೊತ್ತುಮಾಡಿದರು. ಕೆಲಸ ಹೋದವರಲ್ಲಿಯೂ ಕೆಲವರು ಕೊನೆಯ ದಿನದ ಕೊನೆಯ ಗಳಿಗೆಯವರೆಗೆ ದುಡಿದು, ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಹೋದುದನ್ನು ಅಂದಿನ ಪತ್ರಿಕೆಗಳು ಸೋಜಿಗದಿಂದ ವರದಿ ಮಾಡಿದವು.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡು ಸಂಸ್ಥೆಗಳೂ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಬಂದ ಕಷ್ಟ ಒಂದೇ. ಎರಡೂ ಕಡೆ ಜನರು ಕೆಲಸ ಕಳೆದುಕೊಂಡರು. ಸಂಸ್ಥೆಯನ್ನು ನಡೆಸುವವರಿಗೆ ಕೆಲವೊಮ್ಮೆ ಕಠಿಣವಾದ ತೀರ್ಮಾನಗಳನ್ನು ಕೈಗೊಳ್ಳದೆ ಬೇರೆ ದಾರಿಯಿರುವುದಿಲ್ಲ ಎಂಬುದನ್ನೂ ಮರೆಯಬಾರದು. 1970ರ ಕಷ್ಟ ಆರು ತಿಂಗಳಿನಲ್ಲಿ ತೀರಿತು. 2001ರ ಕಷ್ಟ ಅಷ್ಟು ಬೇಗ ತೀರುವಂತಹುದಾಗಿರಲಿಲ್ಲ. ಆದರೂ ನೌಕರರ ಮನಸ್ಸಿನಲ್ಲಿ ಉಳಿದ ನೆನಪುಗಳು ಬೇರೆ ಬೇರೆ. ಕೆಟ್ಟ ಸುದ್ದಿಯನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಹೇಗೆ ಹೇಳಿದರು, ಅದಕ್ಕಿಂತ ಮುಂಚೆ ಬೇರೆ ದಾರಿಗಳನ್ನೆಲ್ಲ ಹುಡುಕಿದರೇ ಎಂಬುದರಿಂದ ಆ ವ್ಯತ್ಯಾಸ ಉಂಟಾಯಿತು.

2001ರ ಸೆಪ್ಟೆಂಬರಿನಲ್ಲಿ ಎಚ್‌ಪಿಯು ಕಾಂಪಾಕ್ ಎಂಬ ಮತ್ತೊಂದು ಕಂಪ್ಯೂಟರು ಕಂಪನಿಯನ್ನು ತನ್ನೊಡನೆ ಸೇರಿಸಿಕೊಳ್ಳುವುದಾಗಿ ಸಾರಿತು. ಇದನ್ನು ಸಂಸ್ಥಾಪಕರ ಮಗನಾದ ವಾಲ್ಟರ್ ಹ್ಯೂಲೆಟ್ ಬಲವಾಗಿ ವಿರೋಧಿಸಿದರು. 2002ರಲ್ಲಿ ಷೇರುದಾರರ ಮತವನ್ನು ಎಣಿಸಿದಾಗ ವಿಲೀನದ ಪಕ್ಷವು ಬಹಳ ಚಿಕ್ಕ ಅಂತರದಿಂದ ಗೆದ್ದಿತು. 2005ರಲ್ಲಿ ಫಿಯೊರಿನ ಅವರು ಅಧಿಕಾರವನ್ನು ಬಿಡಬೇಕಾಯಿತು. 2015ರ ನವೆಂಬರ್ 1ರಂದು ಸಂಸ್ಥೆಯು ಮತ್ತೊಮ್ಮೆ ಎರಡಾಗಿ ಒಡೆಯಿತು. ಆ ಎರಡು ಸಂಸ್ಥೆಗಳಿಗೂ ಇಂದು ನಮ್ಮ ಬೆಂಗಳೂರಿನಲ್ಲಿ ಕಚೇರಿಗಳಿವೆ. ಕನ್ನಡ ನಾಡಿನ ಅನೇಕ ತರುಣ ತರುಣಿಯರು ಅಲ್ಲಿ ದುಡಿಯುತ್ತಿದ್ದಾರೆ. ಆದುದರಿಂದ ದೂರದ ಕ್ಯಾಲಿಫೋರ್ನಿಯದ ಈ ಕಥೆ ನಮಗೆ ತೀರ ಹೊರಗಿನದೇನೂ ಅಲ್ಲ.

ಹಳೆಯ ಎಚ್‌ಪಿಯಲ್ಲಿ ದೋಷಗಳಿರಲಿಲ್ಲವೆಂದು ಯಾರೂ ಹೇಳಲಾರರು. ಎಲ್ಲರ ಒಪ್ಪಿಗೆಯನ್ನೂ ಪಡೆಯುವ ಅಭ್ಯಾಸದಿಂದ ಕೆಲವೊಮ್ಮೆ ಕೆಲಸ ತಡವಾಗುತ್ತಿತ್ತು. ತೆರೆದ ಬಾಗಿಲಿನ ಒಳಗೆ ಕುಳಿತವರು ಒಳ್ಳೆಯವರಾಗಿದ್ದರೆ ಮಾತ್ರ ಆ ಬಾಗಿಲಿಗೆ ಅರ್ಥ. ಯಜಮಾನನ ಒಳ್ಳೆಯತನವನ್ನೇ ನೆಚ್ಚಿಕೊಂಡ ವ್ಯವಸ್ಥೆಯು ಯಜಮಾನನು ಬದಲಾದಾಗ ಅಲುಗಾಡುತ್ತದೆ. ಧ್ಯೇಯಗಳನ್ನು 1957ರಲ್ಲಿಯೇ ಬರೆದಿಟ್ಟಿದ್ದರು. ಅವು 2001ರಲ್ಲಿಯೂ ಕಾಗದದ ಮೇಲೆ ಇದ್ದವು. ಆದರೆ ಬರೆದ ಧ್ಯೇಯವು ಬಿತ್ತದ ಬೀಜದಂತೆ. ಅದನ್ನು ದಿನದಿನವೂ ನಡತೆಯಲ್ಲಿ ಬಿತ್ತಿ ಬೆಳೆಯದಿದ್ದರೆ ಅದು ಕಣಜದಲ್ಲಿಯೇ ಮುಗ್ಗಲಾಗುತ್ತದೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಕಾರ್ಖಾನೆಗಳಲ್ಲಿ, ಕೆಲವರು ಕಚೇರಿಗಳಲ್ಲಿ, ಕೆಲವರು ಹೊಲಗದ್ದೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುವಿರಿ. ಕೆಲವರು ನಾಲ್ಕು ಜನರಿಗೆ ಕೆಲಸ ಹೇಳುವವರೂ ಆಗುವಿರಿ. ಆಗ ನಿಮ್ಮ ಮುಂದೆಯೂ ಒಂದು ಉಗ್ರಾಣ ಇರುತ್ತದೆ. ಅದಕ್ಕೆ ಬೀಗ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಬೀಗವಿಲ್ಲದ ಉಗ್ರಾಣವನ್ನು ಇಡುವುದಕ್ಕೆ ಯಜಮಾನನಲ್ಲಿ ಧೈರ್ಯ ಬೇಕು. ಆ ಉಗ್ರಾಣದಿಂದ ತನ್ನ ಕೆಲಸಕ್ಕೆ ಬೇಕಾದುದನ್ನು ಮಾತ್ರ ತೆಗೆದುಕೊಳ್ಳುವುದಕ್ಕೆ ದುಡಿಯುವವನಲ್ಲಿ ಪ್ರಾಮಾಣಿಕತೆ ಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಬಾಗಿಲಿಗೆ ಮತ್ತೆ ಬೀಗ ಬೀಳುತ್ತದೆ. ಒಮ್ಮೆ ಬಿದ್ದ ಆ ಬೀಗವನ್ನು ಒಡೆಯಲು ಎಲ್ಲ ಕಾಲದಲ್ಲಿಯೂ ಒಬ್ಬ ಹ್ಯೂಲೆಟ್ ಬರುವನೆಂದು ಕಾದು ಕುಳಿತಿರುವಂತಿಲ್ಲ.

ಅಭ್ಯಾಸ

ಪದಗಳ ಅರ್ಥ:
ಉಗ್ರಾಣ – ಸಾಮಾನುಗಳನ್ನು ಕೂಡಿಡುವ ಕೋಣೆ. ಅಡಿಗಲ್ಲು – ತಳಹದಿಯ ಕಲ್ಲು, ಆಧಾರ. ಅಸಡ್ಡೆ – ಅಲಕ್ಷ್ಯ. ಅವಿಧೇಯತೆ – ಹೇಳಿದಂತೆ ಕೇಳದಿರುವುದು. ಸುಭಿಕ್ಷ – ಸಮೃದ್ಧಿಯ ಕಾಲ. ನಿದರ್ಶನ – ಉದಾಹರಣೆ. ವಿಲೀನ – ಒಂದಾಗಿ ಸೇರುವುದು. ಕಣಜ – ಧಾನ್ಯವನ್ನು ತುಂಬಿಡುವ ಸ್ಥಳ.

ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಹ್ಯೂಲೆಟ್ ಮತ್ತು ಪ್ಯಾಕರ್ಡ್ ತಮ್ಮ ಸಂಸ್ಥೆಯನ್ನು ಎಷ್ಟು ಬಂಡವಾಳದಿಂದ ಆರಂಭಿಸಿದರು?
2. ಎಚ್‌ಪಿ-35 ಗಣಕಕ್ಕೆ ಆ ಹೆಸರು ಬರಲು ಕಾರಣವೇನು?
3. 'ತೆರೆದ ಬಾಗಿಲಿನ ನೀತಿ' ಎಂದರೇನು?

ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಪ್ಯಾಕರ್ಡ್ ಕಲಿತ ಎರಡು ಪಾಠಗಳಾವುವು?
2. ಅಚ್ಚನ್ನು ನಯಗೊಳಿಸುತ್ತಿದ್ದ ಕೆಲಸಗಾರನ ಪ್ರಸಂಗದಿಂದ ಏನನ್ನು ತಿಳಿಯಬಹುದು?
3. 1970ರ ಆರ್ಥಿಕ ಕುಸಿತವನ್ನು ಎಚ್‌ಪಿ ಸಂಸ್ಥೆಯು ಹೇಗೆ ಎದುರಿಸಿತು?

ವಿವರಿಸಿರಿ:
1. 'ಅಂಕಿಗಳು ಒಂದೇ ಆದರೂ ಬಾಳು ಒಂದೇ ಅಲ್ಲ.'
2. 'ಬರೆದ ಧ್ಯೇಯವು ಬಿತ್ತದ ಬೀಜದಂತೆ.'

ಮಾಡಿ ನೋಡಿರಿ:
ನಿಮ್ಮ ಊರಿನ ಕಾರ್ಖಾನೆ, ಅಂಗಡಿ ಅಥವಾ ಕಚೇರಿಯಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರನ್ನು ಕಂಡು, ಅವರ ಕೆಲಸದ ಅನುಭವಗಳನ್ನು ಕೇಳಿ ಒಂದು ಪುಟದಷ್ಟು ಬರೆಯಿರಿ.